ಮೆಡಿಕಲ್ ರೆಪ್ ಕೆಲಸ ಬಿಟ್ಟು ಕಾರ್ ಡೀಟೇಲಿಂಗ್ ಅಂಗಡಿ ವಹಿಸಿಕೊಂಡೆ. ಹಳೇ ಓನರ್ ಕೊಟ್ಟ ವಾರಂಟಿ ನಾನು ನಡೆಸಿಕೊಡಬೇಕಾ?

ಮೈಸೂರು ರಿಂಗ್ ರೋಡ್

ಎಲ್ಲರಿಗೂ ನಮಸ್ಕಾರ. ಸ್ವಲ್ಪ ಉದ್ದ ಇದೆ, ದಯವಿಟ್ಟು ಪೂರ್ತಿ ಓದಿ ಹೇಳಿ.

ನನಗೆ 41 ವರ್ಷ. 14 ವರ್ಷ ಮೆಡಿಕಲ್ ರೆಪ್ ಆಗಿದ್ದೆ. ಮೈಸೂರು, ಮಂಡ್ಯ, ಚಾಮರಾಜನಗರ ನನ್ನ ಏರಿಯಾ. ಬೆಳಗ್ಗೆ ಬ್ಯಾಗ್ ಹಿಡಿದು ಹೊರಟರೆ ರಾತ್ರಿ ಕೊನೇ ಪೇಷಂಟ್ ಹೋಗುವವರೆಗೂ ಕ್ಲಿನಿಕ್ ಬೆಂಚಿನ ಮೇಲೆ ಕೂತು ಕಾಯಬೇಕಿತ್ತು. ತಿಂಗಳ ಕೊನೇ ವಾರ ಬಂತೆಂದರೆ ಟಾರ್ಗೆಟ್ ಯೋಚನೆಯಲ್ಲಿ ಊಟ ಸೇರುತ್ತಿರಲಿಲ್ಲ. ಕಳೆದ ವರ್ಷ ನಮ್ಮ ಡಿವಿಷನ್ ಅನ್ನು ಇನ್ನೊಂದರ ಜೊತೆ ಸೇರಿಸಿ, ನನ್ನನ್ನು ಬೇರೆ ರಾಜ್ಯಕ್ಕೆ ಹೋಗಿ ಎಂದರು. ಮಗಳು ಒಂಬತ್ತನೇ ಕ್ಲಾಸು. ಕೆಲಸ ಬಿಟ್ಟೆ.

ನಾನು ಕಾರು ತೊಳೆಸಿ ಪಾಲಿಶ್ ಮಾಡಿಸಲು ಬಿಡುತ್ತಿದ್ದ ಡೀಟೇಲಿಂಗ್ ಅಂಗಡಿಯವರು ಅದೇ ಹೊತ್ತಿಗೆ ಮಾರುವ ಮಾತಾಡುತ್ತಿದ್ದರು. ದೀಪಾವಳಿ ಆದ ಮೇಲೆ ವ್ಯಾಪಾರ ಮುಗಿಯಿತು. 8.5 ಲಕ್ಷ ಕೊಟ್ಟೆ. ಪ್ರೆಷರ್ ವಾಷರ್, ಕಂಪ್ರೆಸರ್, ಮೂರು ಪಾಲಿಶಿಂಗ್ ಮಷಿನ್, ಸೀಟ್ ತೊಳೆಯುವ ಎಕ್ಸ್‌ಟ್ರಾಕ್ಟರ್, ಲೈಟುಗಳು, ಉಳಿದ ಸ್ಟಾಕ್, ಬೋರ್ಡು, ಅಂಗಡಿ ಫೋನ್ ನಂಬರ್ ಎಲ್ಲ ಸೇರಿ. ಬಿಲ್ಡಿಂಗ್ ಓನರ್‌ಗೆ ಅಡ್ವಾನ್ಸ್ 2 ಲಕ್ಷ ಬೇರೆ. ಬಾಡಿಗೆ 32 ಸಾವಿರ. ನಾಲ್ಕು ಜನ ಹುಡುಗರು, ನಾಲ್ಕೂ ಜನ ಉಳಿದುಕೊಂಡರು, ಅದೇ ನನ್ನ ಪುಣ್ಯ.

ಮನೆಯಲ್ಲಿ ಅಮ್ಮ ಮಾತ್ರ ಒಪ್ಪಲಿಲ್ಲ. "ಟೈ ಕಟ್ಟಿಕೊಂಡು ಓಡಾಡುತ್ತಿದ್ದವನು ಕಾರು ತೊಳೆಯೋಕೆ ಹೋಗ್ತೀಯಾ" ಎಂದು ಎರಡು ವಾರ ಸರಿಯಾಗಿ ಮಾತಾಡಲಿಲ್ಲ. ಅವರ ನೋವು ನನಗೆ ಅರ್ಥ ಆಗುತ್ತದೆ. ಅಪ್ಪ ಹೋದ ಮೇಲೆ ಹೊಲಿಗೆ ಹಾಕಿ ಓದಿಸಿದವರು.

ಈಗ ಕೇಳಬೇಕಾದ ವಿಷಯ. ಅಂಗಡಿ ಟೇಬಲ್ಲಿನ ಡ್ರಾಯರ್‌ನಲ್ಲಿ ಒಂದು ಲಾಂಗ್ ನೋಟ್‌ಬುಕ್ ಇತ್ತು. ಹಳೇ ಓನರ್ ಮೂರು ವರ್ಷದ ವಾರಂಟಿ ಕೊಟ್ಟು ಸೆರಾಮಿಕ್ ಕೋಟಿಂಗ್ (ಪೇಂಟ್ ಕಾಪಾಡಲು ಮೇಲೆ ಹಚ್ಚುವ ತೆಳು ಪದರ) ಮಾಡಿದ ಕಾರುಗಳ ಪಟ್ಟಿ ಅದರಲ್ಲಿದೆ. ಒಟ್ಟು 58 ಕಾರು. ಎಲ್ಲರಿಗೂ ಆರು ತಿಂಗಳಿಗೊಮ್ಮೆ ಫ್ರೀ ಮೇಂಟೆನೆನ್ಸ್ ಅಂತ ಮಾತು ಕೊಟ್ಟಿದ್ದಾರೆ. ಹಿಂದಿನ ಪುಟಗಳಲ್ಲಿ ಇನ್ನೂ 21 ಜನ. ಅವರು ವರ್ಷದ ವಾಶ್ ಪ್ಯಾಕೇಜಿಗೆ ಮೊದಲೇ ದುಡ್ಡು ಕಟ್ಟಿದ್ದಾರೆ. ಲೆಕ್ಕ ಹಾಕಿದರೆ ಸುಮಾರು 130 ವಾಶ್ ಬಾಕಿ. ಆ ದುಡ್ಡು ನನ್ನ ಕೈಗೆ ಬಂದಿಲ್ಲ. ಅವರೇನೂ ಮುಚ್ಚಿಟ್ಟಿರಲಿಲ್ಲ. ಕೇಳಬೇಕು ಎಂದು ನನಗೇ ಗೊತ್ತಿರಲಿಲ್ಲ. ಮಷಿನ್ ಎಷ್ಟು ಹಳೇದು, ಬಾಡಿಗೆ ಎಷ್ಟು ಏರುತ್ತದೆ, ಇಷ್ಟೇ ವಿಚಾರಿಸಿದ್ದೆ.

ಒಂದು ಮೇಂಟೆನೆನ್ಸಿಗೆ ಹುಡುಗರ ಅರ್ಧ ದಿನ, ಶಾಂಪೂ, ಟಾಪ್-ಅಪ್ ಸ್ಪ್ರೇ ಎಲ್ಲ ಸೇರಿ ನನಗೆ 900 ರೂಪಾಯಿ ಬೀಳುತ್ತದೆ. 58 ಕಾರು, ವರ್ಷಕ್ಕೆ ಎರಡು ಸಲ. ಒಂದು ಲಕ್ಷ ದಾಟುತ್ತದೆ. ಅದೂ ಈಗ ಆಷಾಢ. ಹೊಸ ಕಾರು ಯಾರೂ ತೆಗೆದುಕೊಳ್ಳುತ್ತಿಲ್ಲ, ಹಾಗಾಗಿ ಹೊಸ ಕೋಟಿಂಗ್ ಕೆಲಸ ಪೂರ್ತಿ ನಿಂತಿದೆ. ಇಲ್ಲಿಯವರೆಗೆ ಬಂದವರಿಗೆಲ್ಲ ಮಾಡಿಕೊಟ್ಟಿದ್ದೇನೆ. ಮುಂದೆ ಏನು ಮಾಡಲಿ?

ಲೆಕ್ಕದ ಪುಸ್ತಕ

ಸರ್, ವಾರಂಟಿ ಕಥೆ ಆಮೇಲೆ. ಮೊದಲು ತೆರಿಗೆ ನೋಡಿ. ನಾನು ಸಣ್ಣ ಅಂಗಡಿಗಳ ಲೆಕ್ಕ ಬರೆಯುವವನು, ಈ ತಪ್ಪು ಪದೇ ಪದೇ ನೋಡಿದ್ದೇನೆ.

ಹಳೇ ಓನರ್ ಜಿಎಸ್‌ಟಿ ತೆಗೆದುಕೊಂಡಿದ್ದರಾ? ತೆಗೆದುಕೊಂಡಿದ್ದರೆ ಒಂದು ವಿಷಯ ಗಮನಿಸಿ. ಸೇವೆಗೆ ಮುಂಗಡ ದುಡ್ಡು ಕೈಗೆ ಬಂದ ದಿನವೇ ಅದರ ಮೇಲಿನ ತೆರಿಗೆಯ ಹೊಣೆ ಬರುತ್ತದೆ, ಆ ಅವಧಿಯ ರಿಟರ್ನ್ ಜೊತೆ ಕಟ್ಟಬೇಕು. ಆ 21 ಜನರ ಪ್ಯಾಕೇಜ್ ದುಡ್ಡಿಗೆ ಅವರು 18% ಕಟ್ಟಿದ್ದಾರಾ ನೋಡಿ. ಕಟ್ಟಿಲ್ಲದಿದ್ದರೆ ಅದು ಅವರೊಬ್ಬರ ತಲೆನೋವು ಅಂದುಕೊಳ್ಳಬೇಡಿ. ಜಿಎಸ್‌ಟಿ ಕಾಯ್ದೆಯ 85ನೇ ಸೆಕ್ಷನ್ ಪ್ರಕಾರ ವ್ಯಾಪಾರ ಕೈ ಬದಲಾಗುವ ದಿನದವರೆಗಿನ ಬಾಕಿಗೆ ಮಾರಿದವರೂ ಕೊಂಡವರೂ ಇಬ್ಬರೂ ಹೊಣೆ. ಇಲಾಖೆ ನಿಮ್ಮನ್ನೂ ಕೇಳಬಹುದು.

ನಡೆಯುತ್ತಿರುವ ವ್ಯಾಪಾರವನ್ನು ಇಡಿಯಾಗಿ ವಹಿಸಿಕೊಂಡರೆ ಆ ಮಾರಾಟಕ್ಕೆ ಜಿಎಸ್‌ಟಿ ಇಲ್ಲ, ಅದು ಒಳ್ಳೇದು. ಆದರೆ ಅವರ ನಂಬರ್‌ನಲ್ಲಿ ನೀವು ಬಿಲ್ ಹಾಕುವ ಹಾಗಿಲ್ಲ. ಅದು ಅವರ ಪಾನ್‌ಗೆ ಅಂಟಿಕೊಂಡದ್ದು, ನಿಮ್ಮದು ಹೊಸದಾಗಿ ಆಗಬೇಕು. ಅವರ ಹತ್ತಿರ ಉಳಿದಿದ್ದ ಇನ್‌ಪುಟ್ ಕ್ರೆಡಿಟ್ (ಸಾಮಾನು ಕೊಂಡಾಗ ಕಟ್ಟಿದ ಜಿಎಸ್‌ಟಿಯಲ್ಲಿ ಹೊಂದಿಸಿಕೊಳ್ಳಲು ಉಳಿದದ್ದು) ನಿಮಗೆ ಬರಬೇಕಾದರೆ ಅವರು ಐಟಿಸಿ-02 ಫಾರ್ಮ್ ಹಾಕಬೇಕು. ಅದರ ಜೊತೆ, ವ್ಯಾಪಾರದ ಹೊಣೆಗಳೂ ಕೊಂಡವರಿಗೆ ವರ್ಗ ಆಗುವ ಹಾಗೆ ಮಾರಾಟ ಆಗಿದೆ ಎಂದು ಸಿಎ ಬರೆದುಕೊಡಬೇಕು. ಕ್ರೆಡಿಟ್ ಮಾತ್ರ ನನಗೆ, ಬಾಕಿ ಅವರಿಗೆ ಅನ್ನುವಂತಿಲ್ಲ.

ಬಾಡಿಗೆ ಕರಾರು ನಿಮ್ಮ ಹೆಸರಿಗೆ ಆಗಿದೆಯಾ? ಪಾಲಿಕೆ ಟ್ರೇಡ್ ಲೈಸೆನ್ಸ್, ಕರೆಂಟ್ ಮೀಟರ್? ಇವತ್ತೇ ನೋಡಿ.

ಗಾಡಿ ಪ್ರೀತಿ

ನನ್ನ ಅಭಿಪ್ರಾಯ ನೇರವಾಗಿ ಹೇಳುತ್ತೇನೆ. ಬೋರ್ಡ್ ಬದಲಿಸಿ, ಹೊಸ ಹೆಸರು ಇಡಿ, ಹಳೇ ವಾರಂಟಿ ನಡೆಯಲ್ಲ ಅಂತ ಒಂದು ನೋಟಿಸ್ ಅಂಟಿಸಿ. ನೀವು ದುಡ್ಡು ಮುಟ್ಟಿಲ್ಲ. ಮಾತು ಕೊಟ್ಟವರು ಬೇರೆ. ಸುಮ್ನೆ ಯಾಕೆ ಹೊರೆ ಹೊರುತ್ತೀರಾ? ಮನೆ ನಡೆಯಬೇಕಲ್ಲ.

ಸರಸ್ವತಿಪುರಂ

ನಾನು ಈ ಕೆಲಸದವಳಲ್ಲ, ಕಾರು ಬಿಡುವವಳು. ಮೇಲಿನವರು ಹೇಳಿದ ಹಾಗೇ ನನಗೆ ಒಮ್ಮೆ ಆಗಿದೆ. 22 ಸಾವಿರ ಕೊಟ್ಟು ಕೋಟಿಂಗ್ ಮಾಡಿಸಿದ್ದೆ, ಬೇರೆ ಊರಲ್ಲಿ. ಆರು ತಿಂಗಳಾದ ಮೇಲೆ ಹೋದರೆ ಅದೇ ಜಾಗ, ಅದೇ ಹುಡುಗರು, ಬೋರ್ಡ್ ಮಾತ್ರ ಬೇರೆ. "ಮೇಡಂ, ಅದು ಹಳೇ ಓನರ್ ಟೈಮಿಂದು" ಎಂದರು. ಹೊಸ ಓನರ್ ತಪ್ಪು ಅಂತ ನನಗೂ ಅನಿಸಲಿಲ್ಲ. ಆದರೆ ಇನ್ನೊಂದು ಸಲ ಅಲ್ಲಿಗೆ ಹೋಗಲೂ ಇಲ್ಲ, ನಮ್ಮ ಅಪಾರ್ಟ್‌ಮೆಂಟ್ ಗ್ರೂಪಿನಲ್ಲಿ ಯಾರಾದರೂ ಕೇಳಿದರೆ ಆ ಹೆಸರು ಹೇಳಲೂ ಇಲ್ಲ. ನಮಗೆ ಅಂಗಡಿ ಅಂದರೆ ಆ ಜಾಗ, ಆ ಹುಡುಗರು. ಕಾಗದದಲ್ಲಿ ಯಾರ ಹೆಸರಿದೆ ಅಂತ ನಾವು ನೋಡುವುದಿಲ್ಲ.

ಜಯನಗರ 4ನೇ ಬ್ಲಾಕ್

11 ವರ್ಷದಿಂದ ಈ ಕೆಲಸದಲ್ಲಿದ್ದೇನೆ. ವಾರಂಟಿ ಬಗ್ಗೆ ಮೊದಲು ಒಂದು ವ್ಯತ್ಯಾಸ ಗೊತ್ತಿರಲಿ. ಕೆಲವು ಕೋಟಿಂಗ್‌ಗೆ ವಾರಂಟಿ ಕೊಡುವುದು ಕೋಟಿಂಗ್ ಕಂಪನಿ. ಅದಕ್ಕೆ ಕಾರ್ಡ್ ಇರುತ್ತದೆ, ಕಾರಿನ ನಂಬರ್ ಹಾಕಿ ನೋಂದಾಯಿಸಿರುತ್ತಾರೆ. ಕೆಲವಕ್ಕೆ ಅಂಗಡಿಯವರೇ ಬಾಯಿಮಾತಲ್ಲಿ ಕೊಟ್ಟಿರುತ್ತಾರೆ. 58ರಲ್ಲಿ ಯಾವುದು ಯಾವುದು ಅಂತ ಬೇರೆ ಮಾಡಿ. ಕಂಪನಿ ವಾರಂಟಿ ಇದ್ದರೆ ಡಿಸ್ಟ್ರಿಬ್ಯೂಟರ್ ಹತ್ತಿರ ಹೋಗಿ ನಿಮ್ಮ ಅಂಗಡಿಯನ್ನು ನಿಮ್ಮ ಹೆಸರಿಗೆ ಮಾಡಿಸಿಕೊಳ್ಳಿ, ಟಾಪ್-ಅಪ್ ಸಾಮಾನಿಗೆ ರೇಟ್ ಕಡಿಮೆ ಮಾಡಿ ಎಂದು ಕೇಳಿ. ಕೇಳಿದರೆ ಎಷ್ಟೋ ಸಲ ಕೊಡುತ್ತಾರೆ.

ಎರಡನೇದು, ಕಾರು ಬಂದ ತಕ್ಷಣ ಕೋಟಿಂಗ್ ಬದುಕಿದೆಯಾ ಎಂದು ನೋಡಿ. ಶಾಂಪೂ ಹಾಕಿ ಚೆನ್ನಾಗಿ ತೊಳೆದ ಮೇಲೆ ನೀರು ಬಿಡಿ. ಹನಿ ಹನಿಯಾಗಿ ಉರುಳಿ ಹೋದರೆ ಇದೆ. ಹಾಳೆಯ ಹಾಗೆ ಅಂಟಿಕೊಂಡು ನಿಂತರೆ ಕೋಟಿಂಗ್ ಹೋಗಿದೆ ಅಥವಾ ಮೇಲೆ ಗಡಸು ನೀರಿನ ಉಪ್ಪು ಕಟ್ಟಿದೆ. ಎಷ್ಟೋ ಕಾರಲ್ಲಿ ಎರಡನೇದೇ ಆಗಿರುತ್ತದೆ. ಮನೆ ಮುಂದೆ ಬೋರ್ ನೀರಲ್ಲಿ ತೊಳೆದು ಬಿಸಿಲಲ್ಲಿ ಒಣಗಿಸಿರುತ್ತಾರೆ. ನಮ್ಮ ಬೋರ್ ನೀರಿನ ಟಿಡಿಎಸ್, ಅಂದರೆ ನೀರಲ್ಲಿ ಕರಗಿದ ಉಪ್ಪಿನ ಅಳತೆ, 900 ದಾಟುತ್ತದೆ, ಕುಡಿಯುವ ನೀರಿಗೆ ಬಿಐಎಸ್ (ಭಾರತದ ಗುಣಮಟ್ಟ ಸಂಸ್ಥೆ) ಹೇಳುವುದು 500. ಕಪ್ಪು ಕಾರಿನ ಮೇಲೆ ಆ ನೀರು ಒಣಗಿತೆಂದರೆ ಸುಣ್ಣದ ಉಂಗುರ ಕೂರುತ್ತದೆ. ಅದನ್ನು ತೆಗೆದರೆ ಕೋಟಿಂಗ್ ಮತ್ತೆ ಕೆಲಸ ಮಾಡುತ್ತದೆ, ಕಸ್ಟಮರ್ ಖುಷಿ.

ಇನ್ನು 9ಎಚ್ ಅಂತ ಹೇಳಿ ಮಾರಿದ್ದಾರಲ್ಲ, ಅದನ್ನು ಈಗಲೇ ತಿಳಿಸಿ ಹೇಳಿ. ಅದು ಪೆನ್ಸಿಲ್‌ನಲ್ಲಿ ಗೀಚಿ ನೋಡುವ ಪರೀಕ್ಷೆಯ ಅಳತೆ. ಕಲ್ಲು ಹೊಡೆದರೆ, ಕೀಲಿ ಗೀಚಿದರೆ ತಡೆಯುತ್ತದೆ ಅಂತ ಅರ್ಥವಲ್ಲ. ಕಲ್ಲೇಟಿಗೆ ಪಿಪಿಎಫ್, ಅಂದರೆ ಪೇಂಟ್ ಮೇಲೆ ಅಂಟಿಸುವ ದಪ್ಪ ಪಾರದರ್ಶಕ ಫಿಲ್ಮ್, ಬೇಕು. ಈ ಒಂದು ತಪ್ಪು ತಿಳುವಳಿಕೆಯಿಂದ ಬರುವ ಜಗಳವೇ ಜಾಸ್ತಿ.

ನೀರಿನ ಬಗ್ಗೆ ಇನ್ನೊಂದು ಮಾತು. 2024ರ ಮಾರ್ಚ್‌ನಲ್ಲಿ ಬೆಂಗಳೂರಲ್ಲಿ ಕುಡಿಯುವ ನೀರಿನಿಂದ ವಾಹನ ತೊಳೆದರೆ 5,000 ರೂಪಾಯಿ ದಂಡ ಎಂದು ಜಲಮಂಡಳಿ ಆದೇಶ ಮಾಡಿತು. 2025ರ ಫೆಬ್ರವರಿಯಲ್ಲಿ ಮತ್ತೆ ಮಾಡಿತು. ಆ ಬೇಸಿಗೆಯಲ್ಲೇ ನಾವು ಧೂಳು ಕಡಿಮೆ ಇರುವ ಕಾರುಗಳಿಗೆ ರಿನ್ಸ್‌ಲೆಸ್, ಅಂದರೆ ನೀರು ಹೊಡೆಯದೆ ಒದ್ದೆ ಬಟ್ಟೆಯಲ್ಲೇ ಒರೆಸುವುದು, ಶುರು ಮಾಡಿದ್ದು. ಒಂದು ಬಕೆಟ್ ನೀರು, ಎಂಟು ಮೈಕ್ರೋಫೈಬರ್ ಬಟ್ಟೆ, ಒಂದೊಂದು ಪ್ಯಾನಲ್‌ಗೆ ಬಟ್ಟೆಯ ಒಂದೊಂದು ಹೊಸ ಮಗ್ಗುಲು. ಹಳೇ ಕಸ್ಟಮರ್‌ಗಳ ಮೇಂಟೆನೆನ್ಸಿಗೂ ಇದೇ ಮಾಡಬಹುದು, ನಿಮ್ಮ 900 ಇಳಿಯುತ್ತದೆ. ಆದರೆ ಕೆಸರು ಹಿಡಿದ ಕಾರಿಗೆ ಬೇಡ. ಅದರ ಮೇಲೆ ಬಟ್ಟೆ ಆಡಿಸಿದರೆ ಮರಳು ಕಾಗದ ಉಜ್ಜಿದ ಹಾಗೆ.

ನೀವು ಸ್ವತಃ ಮಷಿನ್ ಹಿಡಿಯುತ್ತೀರಾ?

ಮೈಸೂರು ರಿಂಗ್ ರೋಡ್

ಎಲ್ಲರಿಗೂ ಥ್ಯಾಂಕ್ಸ್. ಸೆಕ್ಷನ್ 85 ವಿಷಯ ಓದಿ ರಾತ್ರಿ ನಿದ್ದೆ ಬರಲಿಲ್ಲ. ನಾಳೆಯೇ ಸಿಎ ಹತ್ತಿರ ಹೋಗುತ್ತೇನೆ. ಬಾಡಿಗೆ ಕರಾರು ನನ್ನ ಹೆಸರಿಗೆ ಆಗಿದೆ, ಟ್ರೇಡ್ ಲೈಸೆನ್ಸ್ ಇನ್ನೂ ಆಗಿಲ್ಲ.

ಮಷಿನ್ ಹಿಡಿಯುತ್ತೀರಾ ಅಂತ ಕೇಳಿದಿರಿ. ಎರಡನೇ ತಿಂಗಳಲ್ಲಿ ಹಿಡಿದೆ. ಅದನ್ನೂ ಹೇಳಿಬಿಡುತ್ತೇನೆ, ನನ್ನ ಹಾಗೆ ಹೊಸದಾಗಿ ಬರುವವರಿಗೆ ಗೊತ್ತಾಗಲಿ.

ನಮ್ಮಲ್ಲಿ ರಬ್ಬಿಂಗ್, ಅಂದರೆ ಪಾಲಿಶಿಂಗ್ ಮಷಿನ್‌ನಲ್ಲಿ ಪೇಂಟ್ ಉಜ್ಜುವುದು, ಮಾಡುವುದು ಒಬ್ಬನೇ ಹುಡುಗ, ಆರು ವರ್ಷದ ಕೈ. ಅವನು ಊರಿಗೆ ಹೋಗಿದ್ದ. ಒಂದು ಮರೂನ್ ಸೆಡಾನ್ ಬಂದಿತ್ತು. ಹೊಂಗೆ ಮರದ ಕೆಳಗೆ ನಿಲ್ಲಿಸಿ ನಿಲ್ಲಿಸಿ ಬಾನೆಟ್ ತುಂಬಾ ಅಂಟಿನ ಕಲೆ. ಮಾರನೇ ದಿನ ಅವರ ಮನೆಯಲ್ಲಿ ನಾಮಕರಣ. ಇಲ್ಲ ಎನ್ನಲು ಮನಸ್ಸು ಬರಲಿಲ್ಲ. ನಾನೇ ರೋಟರಿ ಮಷಿನ್ ತೆಗೆದುಕೊಂಡೆ. ಬಾನೆಟ್ಟಿನ ಮಧ್ಯ ಎಲ್ಲ ಚೆನ್ನಾಗಿ ಬಂತು, ಕಲೆ ಹೋಗಿ ಟ್ಯೂಬ್‌ಲೈಟು ಕನ್ನಡಿಯಲ್ಲಿ ಕಂಡ ಹಾಗೆ ಕಾಣುತ್ತಿತ್ತು. ಹೆಡ್‌ಲೈಟ್ ಮೇಲೆ ಬಾನೆಟ್ ಬಾಗುವ ಅಂಚಿದೆಯಲ್ಲ, ಅಲ್ಲಿ ಒಂದು ಸಣ್ಣ ಕಲೆ ಉಳಿದಿತ್ತು. ಅಲ್ಲೇ ಎರಡು ಸೆಕೆಂಡ್ ಜಾಸ್ತಿ ನಿಲ್ಲಿಸಿದೆ. ಪ್ಲಾಸ್ಟಿಕ್ ಸುಟ್ಟ ಹಾಗೆ ಸಣ್ಣ ವಾಸನೆ ಬಂತು. ಮಷಿನ್ ಎತ್ತಿ ನೋಡಿದರೆ ಬಿಳಿ ಪ್ಯಾಡಿನ ಮೇಲೆ ಮರೂನ್ ಬಣ್ಣದ ಒಂದು ಗೆರೆ. ಅಂದರೆ ಮೇಲಿನ ಪಾರದರ್ಶಕ ಪದರ, ಕ್ಲಿಯರ್ ಕೋಟ್, ದಾಟಿ ಕೆಳಗಿನ ಬಣ್ಣಕ್ಕೆ ಹೋಗಿದ್ದೆ. ಅಂಚಿನಲ್ಲಿ ಹುಣಸೆ ಬೀಜದಷ್ಟು ಜಾಗ ಮಂಕಾಗಿತ್ತು. ಕೈ ನಡುಗುತ್ತಿತ್ತು. ಜೊತೆಯಲ್ಲಿದ್ದ ಸಣ್ಣ ಹುಡುಗ ಏನೂ ಮಾತಾಡದೆ ಮಷಿನ್ ಪ್ಲಗ್ ತೆಗೆದ.

ಆವತ್ತೇ ಫೋನ್ ಮಾಡಿ ಹೇಳಿದೆ. ಅವರು ಕೋಪ ಮಾಡಿಕೊಂಡರು, ಸಹಜ. ನಾಮಕರಣ ಆದ ಮೇಲೆ ಬಾನೆಟ್ಟಿಗೆ ಪೇಂಟ್ ಮಾಡಿಸಿಕೊಟ್ಟೆ, 5,500 ಆಯಿತು. ಆ ವಾರವೇ ಪೇಂಟ್ ದಪ್ಪ ಅಳೆಯುವ ಮೀಟರ್ ತೆಗೆದುಕೊಂಡೆ. ಕಂಪನಿ ಪೇಂಟ್ ಇದ್ದರೆ ಸಾಮಾನ್ಯವಾಗಿ 100ರಿಂದ 140 ಮೈಕ್ರಾನ್ ತೋರಿಸುತ್ತದೆ, ಅದರಲ್ಲಿ ಮೇಲಿನ ಕ್ಲಿಯರ್ ಕೋಟ್ 40ರ ಆಸುಪಾಸು. ಒಂದು ಮೈಕ್ರಾನ್ ಅಂದರೆ ಮಿಲಿಮೀಟರಿನ ಸಾವಿರದಲ್ಲಿ ಒಂದು ಭಾಗ. ನಾವು ಉಜ್ಜುವುದು ಇಷ್ಟರೊಳಗೆ. ಅಂಚುಗಳಲ್ಲಿ ಅದಕ್ಕಿಂತ ತೆಳು. ಬಂಪರ್ ಪ್ಲಾಸ್ಟಿಕ್ ಆದ್ದರಿಂದ ನನ್ನ ಮೀಟರ್ ಅಲ್ಲಿ ಓದುವುದೇ ಇಲ್ಲ, ಅಲ್ಲಿ ಕೈಗೇ ಗೊತ್ತಾಗಬೇಕು. ಆ ಹುಡುಗ ವಾಪಸ್ ಬಂದ ಮೇಲೆ ಬಾನೆಟ್ ಅಂಚುಗಳಿಗೆ ಮಾಸ್ಕಿಂಗ್ ಟೇಪ್ ಅಂಟಿಸಿ ಶುರು ಮಾಡುವುದು ತೋರಿಸಿದ. ಆರು ವರ್ಷದಿಂದ ಹಾಗೇ ಮಾಡುತ್ತಿದ್ದನಂತೆ. ನಾನು ಪಕ್ಕದಲ್ಲೇ ನಿಂತಿದ್ದರೂ ಗಮನಿಸಿರಲಿಲ್ಲ.

ಕುಡ್ಲದ ಮಳೆ

ಆ ಹುಡುಗನನ್ನು ಕಳೆದುಕೊಳ್ಳಬೇಡಿ ಅಣ್ಣ. ನಾನು ಮಂಗಳೂರಲ್ಲಿ ಹೀಗೇ ಒಂದು ಅಂಗಡಿ ವಹಿಸಿಕೊಂಡಿದ್ದೆ, ಮುಂಚೆ ಗಲ್ಫ್‌ನಲ್ಲಿದ್ದೆ. ಬಂದ ತಕ್ಷಣ ಖರ್ಚು ಕಡಿಮೆ ಮಾಡಲು ಹೊರಟೆ. ಹಳೇ ಓನರ್ ಹುಡುಗರಿಗೆ ಬೆಳಗ್ಗೆ ತಿಂಡಿ, ಪ್ರತಿ ಕೋಟಿಂಗ್ ಕೆಲಸಕ್ಕೆ 300 ರೂಪಾಯಿ ಕೊಡುತ್ತಿದ್ದರು. ಎರಡೂ ನಿಲ್ಲಿಸಿ ಸಂಬಳಕ್ಕೆ 1,000 ಸೇರಿಸಿದೆ. ಲೆಕ್ಕದಲ್ಲಿ ನನ್ನದೇ ಸರಿ ಎಂದುಕೊಂಡೆ. ಎರಡು ತಿಂಗಳಲ್ಲಿ ಮೂವರೂ ಹೋದರು. ಬರುವ ಕಾರಿನವರೆಲ್ಲ ಗಾಡಿ ಇಳಿಯುತ್ತಲೇ ಆ ಹುಡುಗರ ಹೆಸರು ಹಿಡಿದು ಎಲ್ಲಿ ಎಂದು ಕೇಳುತ್ತಿದ್ದರು. ಉತ್ತರ ಹೇಳಲು ಆಗುತ್ತಿರಲಿಲ್ಲ. ಒಂದೂವರೆ ವರ್ಷಕ್ಕೆ ಮುಚ್ಚಿದೆ.

ಮಳೆಗಾಲದ ಬಗ್ಗೆ ಒಂದು ಸಲಹೆ. ನಮ್ಮಲ್ಲಿ ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಹೊರಗಿನ ಕೆಲಸ ಬರುವುದಿಲ್ಲ, ತೊಳೆದ ಕಾರು ಗೇಟ್ ದಾಟುವುದರೊಳಗೆ ಕೆಂಪು ಮಣ್ಣು ಮೆತ್ತಿಕೊಳ್ಳುತ್ತದೆ. ಆದರೆ ಒಳಗಿನ ಕೆಲಸ ತುಂಬಾ ಇದೆ. ಸೀಟ್ ಬೆಲ್ಟಿಗೆ ಬೂಷ್ಟು, ಮ್ಯಾಟ್ ಕೆಳಗೆ ನೀರು, ಎಸಿ ಹಾಕಿದರೆ ವಾಸನೆ, ಬಾಗಿಲಿನ ಕೆಳಗಿನ ತೂತು ಕಟ್ಟಿಕೊಂಡು ಒಳಗೇ ನೀರು ನಿಲ್ಲುವುದು. ಮೈಸೂರಲ್ಲಿ ಮಳೆ ಕಡಿಮೆ, ಆದರೆ ಕೊಡಗಿನ ಕಡೆಯಿಂದ ಬರುವ ಕಾರುಗಳಿಗೆ ಇದೆಲ್ಲ ಇರುತ್ತದೆ. ಆಷಾಢಕ್ಕೆ ಅದನ್ನು ಹಿಡಿಯಿರಿ.

ಹೊಸಪೇಟೆ ಧೂಳು

ಮಧ್ಯೆ ಬಂದದ್ದಕ್ಕೆ ಕ್ಷಮಿಸಿ. ನಮ್ಮಲ್ಲಿ ಅದಿರಿನ ಲಾರಿ ಓಡುವ ರಸ್ತೆ. ಬಿಳಿ ಕಾರು ಕೆಂಪಾಗುತ್ತದೆ, ತೊಳೆದರೂ ಹಿಂದಿನ ಬಾಗಿಲಿನ ಕೆಳಗೆ ಕಂದು ಛಾಯೆ ಉಳಿಯುತ್ತದೆ. ಏನು ಮಾಡಬೇಕು?

ಜಯನಗರ 4ನೇ ಬ್ಲಾಕ್

ಒಣ ಬಟ್ಟೆ ಮಾತ್ರ ಮುಟ್ಟಿಸಬೇಡಿ. ಫೋಮ್ ಹಾಕಿ ಐದು ನಿಮಿಷ ಬಿಡಿ, ನೆರಳಲ್ಲಿ. ನೀರು ಹೊಡೆಯಿರಿ. ಮತ್ತೆ ಫೋಮ್. ಆಮೇಲೆ ಎರಡು ಬಕೆಟ್ ಇಟ್ಟುಕೊಂಡು ತೊಳೆಯಿರಿ, ಒಂದರಲ್ಲಿ ಶಾಂಪೂ, ಇನ್ನೊಂದರಲ್ಲಿ ಗ್ಲೌಸ್ ಜಾಲಿಸಲು ಬರೀ ನೀರು. ಅದಾದ ಮೇಲೆ ಐರನ್ ರಿಮೂವರ್ ಹಾಕಿ. ಬ್ರೇಕಿನಿಂದ ಬಂದ ಕಬ್ಬಿಣದ ಚೂರುಗಳಿದ್ದ ಕಡೆ ಅದು ನೇರಳೆ ಬಣ್ಣಕ್ಕೆ ತಿರುಗಿ ಇಳಿಯುತ್ತದೆ. ಒಣಗಲು ಬಿಡಬೇಡಿ. ಇನ್ನೂ ಕೈಗೆ ತರಿತರಿ ಸಿಕ್ಕಿದರೆ ಕ್ಲೇ ಬಾರ್ (ಅಂಟಿದ ಕಣ ಎತ್ತುವ ಜೇಡಿಯಂಥ ಉಂಡೆ), ನುಣ್ಣಗಿರುವ ಗ್ರೇಡು. ಬಿಳಿ ಕಾರಿಗೆ ಈ ರಸ್ತೆಯಲ್ಲಿ ಕೋಟಿಂಗ್ ಮಾಡಿಸಿದ್ದರೆ ಈ ಕೆಲಸ ಅರ್ಧ ಆಗುತ್ತದೆ.

ಮೈಸೂರು ರಿಂಗ್ ರೋಡ್

ದಸರಾ ಮುಗಿಯಿತು, ಏನಾಯಿತು ಎಂದು ಹೇಳಬೇಕಲ್ಲ.

ಸಿಎ ಮೂಲಕ ಹಳೇ ಓನರ್ ಜೊತೆ ಕೂತು ಮಾತಾಡಿದೆವು. ಪ್ಯಾಕೇಜ್ ದುಡ್ಡಿನ ತೆರಿಗೆ ಸ್ವಲ್ಪ ಬಾಕಿ ಇತ್ತು, ಅವರು ಕಟ್ಟಿದರು. ಮಾಡದೆ ಉಳಿದ ವಾಶ್‌ಗಳಿಗೆ 15 ಸಾವಿರ ನನಗೆ ವಾಪಸ್ ಕೊಟ್ಟರು. ಲೆಕ್ಕದ ಪುಸ್ತಕ ಸರ್‌ಗೆ ಕೈ ಮುಗಿಯುತ್ತೇನೆ.

ನೋಟ್‌ಬುಕ್ಕಿನ 58 ಜನಕ್ಕೂ ನಾನೇ ಫೋನ್ ಮಾಡಿದೆ, ದಿನಕ್ಕೆ ಐದು, ಸಂಜೆ ಆರರಿಂದ ಏಳು. ರೆಪ್ ಆಗಿದ್ದಾಗ ಡಾಕ್ಟರ ಕಾಲ್ ಲಿಸ್ಟ್ ಇಟ್ಟುಕೊಳ್ಳುತ್ತಿದ್ದೆ, ಅದೇ ಥರ ಬರೆದಿಟ್ಟೆ. "ಅಂಗಡಿ ನಾನು ತೆಗೆದುಕೊಂಡಿದ್ದೇನೆ, ನಿಮ್ಮ ಕೋಟಿಂಗ್ ಮೇಂಟೆನೆನ್ಸ್ ಹಾಗೇ ಇರುತ್ತದೆ, ಬನ್ನಿ" ಎಂದೆ. ಇಷ್ಟು ದಿನ ಹಿಡಿದುಕೊಂಡಿದ್ದ ಭಯ ಬೇರೆ, ಆದದ್ದು ಬೇರೆ. 58ರಲ್ಲಿ ಇಲ್ಲಿಯವರೆಗೆ ಬಂದವರು 34. ಅವರಲ್ಲಿ 13 ಜನ ಬಂದಾಗಲೇ ಒಳಗಿನ ಕೆಲಸವನ್ನೂ ದುಡ್ಡು ಕೊಟ್ಟು ಮಾಡಿಸಿದರು. ಇಬ್ಬರು ಹೊಸ ಕಾರು ಬುಕ್ ಮಾಡಿದ್ದಾರೆ, ಕೋಟಿಂಗ್ ಇಲ್ಲೇ ಎಂದಿದ್ದಾರೆ. ಸರಸ್ವತಿಪುರಂ ಅಕ್ಕ ಹೇಳಿದ್ದು ನಿಜ, ಅವರೆಲ್ಲ ಬಂದು ಮೊದಲು ಮಾತಾಡಿಸಿದ್ದು ಹುಡುಗರನ್ನು. ರಬ್ಬಿಂಗ್ ಹುಡುಗನಿಗೆ ಸಂಬಳದ ಮೇಲೆ ಅವನು ಮುಗಿಸಿದ ಪ್ರತಿ ಕೋಟಿಂಗ್ ಬಿಲ್ಲಿನಲ್ಲಿ 5% ಎಂದು ಕಾಗದದಲ್ಲಿ ಬರೆದುಕೊಟ್ಟೆ. ಕುಡ್ಲದ ಅಣ್ಣ ಬರೆದದ್ದು ಓದಿದ ದಿನವೇ.

ಆಯುಧಪೂಜೆ ಹಿಂದಿನ ಎರಡು ದಿನ 71 ಕಾರು ತೊಳೆದೆವು. ಪೂಜೆ ದಿನ ಅಂಗಡಿಯಲ್ಲಿ ಮಷಿನ್‌ಗಳಿಗೂ ಪೂಜೆ ಇಟ್ಟುಕೊಂಡಿದ್ದೆವು. ಅಮ್ಮ ಬರುತ್ತಾರೆ ಅಂದುಕೊಂಡಿರಲಿಲ್ಲ. ಬಂದರು. ಕಂಪ್ರೆಸರ್, ವಾಷರ್ ಎಲ್ಲಕ್ಕೂ ಅರಿಶಿನ ಕುಂಕುಮ ಇಟ್ಟು, ರಬ್ಬಿಂಗ್ ಮಷಿನ್ ಮುಂದೆ ಬಂದಾಗ "ಇದಕ್ಕೆ ಎಲ್ಲಿ ಇಡಲಿ" ಎಂದು ಆ ಹುಡುಗನನ್ನೇ ಕೇಳಿದರು. ಅವನು ಹಿಡಿ ತೋರಿಸಿದ. ಪ್ಯಾಡಿಗೆ ತಾಗದ ಹಾಗೆ ಇಟ್ಟರು.

ಬಿಳಿ ಕಾರು ಇರುವವರಿಗೆ ಒಂದು ಮಾತು. ಪೂಜೆಯ ಕುಂಕುಮವನ್ನು ಅದೇ ಸಂಜೆ ಬರೀ ನೀರು ಹೊಡೆದು ತೆಗೆಯಿರಿ, ಉಜ್ಜಬೇಡಿ. ಈಗಿನ ಕುಂಕುಮದಲ್ಲಿ ಬಣ್ಣ ಜಾಸ್ತಿ, ರಾತ್ರಿ ಮಂಜಿಗೆ ಕರಗಿ ಪಿಪಿಎಫ್ ಒಳಗೆ ಇಳಿದರೆ ಗುಲಾಬಿ ಕಲೆ ಉಳಿಯುತ್ತದೆ. ಅರಿಶಿನ ಅಷ್ಟು ಕಷ್ಟ ಕೊಡುವುದಿಲ್ಲ, ನಾಲ್ಕು ದಿನ ಬಿಸಿಲಿಗೆ ನಿಲ್ಲಿಸಿದರೆ ತಾನೇ ಮಂಕಾಗುತ್ತದೆ. ಕುಂಬಳಕಾಯಿ ನೀರು, ನಿಂಬೆ ರಸ ಟೈರ್ ಮತ್ತು ಅಲಾಯ್ ಮೇಲೆ ಒಣಗಲು ಬಿಡಬೇಡಿ.

ಇನ್ನು 24 ಜನ ಬಾಕಿ. ಅವರಲ್ಲಿ ಎಂಟು ನಂಬರ್ ಚಾಲ್ತಿಯಲ್ಲಿಲ್ಲ. ಒಂದು ಕಾರನ್ನು ಹಾಸನದವರಿಗೆ ಮಾರಿದ್ದಾರಂತೆ. ಕೊಂಡವರು ನಿನ್ನೆ ಫೋನ್ ಮಾಡಿದ್ದರು. ಹಳಬರು ಕಾರಿನ ಕಾಗದದ ಜೊತೆ ನಮ್ಮ ಅಂಗಡಿ ಕಾರ್ಡನ್ನೂ ಕೊಟ್ಟಿದ್ದಾರೆ, ಇದು ನಮಗೂ ನಡೆಯುತ್ತದಾ ಎಂದು ಕೇಳಿದರು. ವಾರಂಟಿ ಇನ್ನೂ ಐದು ತಿಂಗಳಿದೆ. ಭಾನುವಾರ ಬರಲು ಹೇಳಿದ್ದೇನೆ.